ಅರಳೆ ಮನೆಯ ಮೆಷಿನ್ನು

ನಡುಮನೆಯ ಮೂಲೆಯಿಂದ ಶುರುಮಾಡಿ ಮಂಚದ ಅಡಿಗೆ ಬರುವಷ್ಟರಲ್ಲಿ ವ್ಯಾಕ್ಯೂಮ್ ಕ್ಲೀನರಿನ ಸದ್ದು ನನಗೆ ಜೋಗುಳದ ಹಾಗೆ ಕೇಳಿಸತೊಡಗುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಅರಳೆಯ ಎಳೆಗಳು ತೇಲುತ್ತಿರುತ್ತವೆ. ಕೊಳವೆಯ ಬಾಯಿ ಹತ್ತಿರ ಬಂದರೆ ಅವು ಸ್ವಲ್ಪ ನಿಂತು, ಹೋಗಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಒಳಗೆ ಹೋಗುತ್ತವೆ. ಆವತ್ತು ಬೆಳಿಗ್ಗೆ ಹಾಗೆ ನೋಡುತ್ತ ಮೈಮರೆತಿದ್ದಾಗ ಬಾಗಿಲಲ್ಲಿ ಏನೋ ದೊಪ್ಪನೆ ಬಿತ್ತು. ಹಳೇ ಹಾಸಿಗೆ. ಅದರ ಹಿಂದೆ ಪಕ್ಕದ ಬೀದಿಯ ಮಂಗಳಮ್ಮ.

"ಮಗಳು ಬಾಣಂತನಕ್ಕೆ ಬತ್ತಾವ್ಳೆ ಕಣಮ್ಮ ನಾಜಿಮಾ. ಬಿಚ್ಚಿ, ಎಕ್ಕಿಸ್ಬುಟ್ಟು, ಒಸಾ ಬಟ್ಟೆ ಆಕ್ಸ್ಕೊಡು. ಅವ್ಳು ಉಟ್ಟಿದ್ದೂ ಇದ್ರ ಮ್ಯಾಲೇಯ."

ಹಾಸಿಗೆಯಿಂದೆದ್ದ ಧೂಳು ಮಂಗಳಮ್ಮನ ಸೊಂಟದವರೆಗೆ ಏರಿ, ಅಲ್ಲೇ ಸುತ್ತಾಡಿ, ನಿಧಾನವಾಗಿ ಒಳಗೆ ಬರತೊಡಗಿತು. ನಾನು ಕೊಳವೆಯನ್ನು ಅತ್ತ ತಿರುಗಿಸಿದೆ. ಮೆಷಿನ್ನು ಬಿಕ್ಕಿತು, ಸುಟ್ಟ ವಾಸನೆ ಬಿಟ್ಟಿತು, ನಿಂತುಹೋಯಿತು. ಒಳಗಿನ ಕೋಣೆಯಲ್ಲಿ ಬುಷ್ರಾ ಕೆಮ್ಮಿದಳು.

"ಮಗೀಗೆ ಇನ್ನೂವೆ ಉಷಾರಿಲ್ವಾ?" ಎಂದಳು ಮಂಗಳಮ್ಮ.

"ಪರವಾಗಿಲ್ಲ ಈಗ," ಎಂದೆ.

ನಮ್ಮ ಮನೆ ಇರುವುದು ಮಳವಳ್ಳಿಯ ಪೇಟೆಬೀದಿಯ ಹಿಂದೆ. ನನ್ನ ಗಂಡ ಜಕೀವುಲ್ಲಾ ಹಾಸಿಗೆ ಹೊಲಿಯುತ್ತಾರೆ. ಮುಂದಿನ ಜಗಲಿಯೇ ಅಂಗಡಿ. ಹಿತ್ತಿಲ ಶೀಟಿನ ಕೊಟ್ಟಿಗೆಯಲ್ಲಿ ಅರಳೆ ಎಕ್ಕುವ, ಅಂದರೆ ಗಂಟು ಬಿಡಿಸಿ ಹಿಂಜುವ ಯಂತ್ರ. ಅವರ ಅಪ್ಪನ ಕಾಲದಲ್ಲಿ ಬಿಲ್ಲಿನ ದಾರ ಮೀಟಿ ಎಕ್ಕುತ್ತಿದ್ದರು, ಈಗ ಬೆಲ್ಟು ತಿರುಗುತ್ತದೆ, ಅಷ್ಟೇ. ಬೇರೆ ಕೆಲಸ ಅವರು ಕಲಿಯಲಿಲ್ಲ, ಕಲಿಯಬೇಕೆಂದು ಅವರಿಗೆ ಅನಿಸಲೂ ಇಲ್ಲ. ಗಂಟುಗಟ್ಟಿದ ಅರಳೆ ಯಂತ್ರದಿಂದ ಬೆಳ್ಳಗೆ ಉಬ್ಬಿ ಬರುವಾಗ ಅವರ ಮುಖ ನೋಡಿದವರಿಗೆ ಅದು ಅರ್ಥವಾಗುತ್ತದೆ.

ಹೋದ ಮಳೆಗಾಲದಿಂದ ಬುಷ್ರಾಗೆ ಉಬ್ಬಸ. ಮೂರನೇ ಕ್ಲಾಸಿನ ಹುಡುಗಿ, ಮಾತಿಗೆ ಮೊದಲೇ ನಗುವವಳು, ಈಗ ಒಂದೊಂದು ದಿನ ಉಸಿರನ್ನು ಮೆಟ್ಟಿಲ ಹಾಗೆ ಹತ್ತುತ್ತಾಳೆ. ಮನೆಯಲ್ಲಿ ಧೂಳು ಇರಬಾರದು, ಪೊರಕೆ ಆಡಿಸಬೇಡಿ, ಧೂಳು ಎಳೆದುಕೊಳ್ಳುವ ಮೆಷಿನ್ ಇಟ್ಟುಕೊಳ್ಳಿ ಎಂದರು ಡಾಕ್ಟರು. ಆ ಧೂಳು ಎಲ್ಲಿಂದ ಬರುತ್ತದೆ ಎಂದು ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಮೆಷಿನ್ನಿನದೇ ಮಾತು. ಊಟಕ್ಕೆ ಕೂತಾಗ ಜಕೀವುಲ್ಲಾ ಫೋನು ಹಿಡಿದು, "ಇದು ಬಾಳಿಕೆ ಬರುತ್ತಂತೆ, ಅದು ಕರೆಂಟು ಕಮ್ಮಿ ತಿನ್ನುತ್ತಂತೆ, ಇನ್ನೊಂದಕ್ಕೆ ಬ್ಯಾಗೇ ಬೇಡವಂತೆ," ಎಂದು ಓದುತ್ತಾರೆ. ಬುಷ್ರಾ ತುತ್ತು ಕೈಯಲ್ಲೇ ಇಟ್ಟುಕೊಂಡು ಅಪ್ಪನನ್ನೇ ನೋಡುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಅಲ್ಲೊಂದು ಪ್ರಶ್ನೆ ಕೂತಿದೆ ಎಂದು ನನಗೆ ಗೊತ್ತು. ಅದು ಹೊರಗೆ ಬಂದರೆ ಈ ಮನುಷ್ಯ ಹೇಗೆ ತಡೆದುಕೊಳ್ಳುತ್ತಾರೆ ಎಂಬುದು ನನ್ನ ಭಯ. ಬಾರದೇ ಹೋದರೆ ಮಗಳು ಹೇಗೆ ತಡೆದುಕೊಳ್ಳುತ್ತಾಳೆ ಎಂಬುದು ಇನ್ನೊಂದು ಭಯ.

ಮಾರನೇ ದಿನ ಶನಿವಾರ, ಮಧ್ಯಾಹ್ನಕ್ಕೇ ಸ್ಕೂಲು ಮುಗಿದಿತ್ತು. ಮೆಷಿನ್ನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಮಗಳನ್ನೂ ಕರೆದುಕೊಂಡು ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಂಡ್ಯ ತಲುಪಿದಾಗ ಬಿಸಿಲು ಇಳಿಮುಖವಾಗಿತ್ತು. ಅಲ್ಲಿ ಅಂಗಡಿ ಇಟ್ಟಿರುವ ಝುಬೇರ್ ನನ್ನ ಗಂಡನ ಗೆಳೆಯ. ಮಿಕ್ಸಿ, ಫ್ಯಾನು, ಇಂಥ ಮೆಷಿನ್ನು ಎಲ್ಲ ರಿಪೇರಿ ಮಾಡುತ್ತಾರೆ, ಹಳೆಯದನ್ನು ಮಾರುತ್ತಾರೆ. ಈ ಮೆಷಿನ್ನನ್ನೂ ಅದರ ಹಿಂದಿನ ಬ್ಯಾಗಿನದನ್ನೂ ಕೊಟ್ಟವರು ಅವರೇ.

ಮುಚ್ಚಳ ಬಿಚ್ಚಿದವರು ಒಳಗೆ ಬಗ್ಗಿ ನೋಡಿದರು. ಮೋಟರಿನ ಸುತ್ತ ಬೆಳ್ಳನೆ ಉಣ್ಣೆ ಬೆಳೆದಂತಿತ್ತು.

"ಮೆಷಿನ್ ತಂದ್ರಾ ಭಾಬಿ, ಕುರಿ ತಂದ್ರಾ?"

ಬುಷ್ರಾ ನಕ್ಕಳು. ನಗು ಕೆಮ್ಮಾಯಿತು. ಝುಬೇರ್ ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳಿಗೆ ನೀರು ಕೊಟ್ಟರು.

"ಧೂಳಿನ ಡಬ್ಬಿ ಮಾತ್ರ ತೊಳೆದಿಟ್ಟಂಗೈತೆ," ಎಂದರು. "ಯಾರೋ ಬಾಚಿ ಬಾಚಿ ತೆಗ್ದವ್ರೆ. ಫಿಲ್ಟರ್ ಯಾರೂ ಮುಟ್ಟಿಲ್ಲ."

ಡಬ್ಬಿ ಖಾಲಿ ಮಾಡುವುದು ನನ್ನ ಗಂಡ ಇರಬೇಕು ಎಂದುಕೊಂಡೆ. "ಯಾವುದು ತಗೊಂಡ್ರೆ ಬಾಳಿಕೆ ಬರುತ್ತೆ, ಅದನ್ನ ಹೇಳಿಬಿಡಿ," ಎಂದೆ.

ಅವರು ಗೋಡೆಯ ಪಕ್ಕ ಸಾಲಾಗಿ ಇಟ್ಟಿದ್ದ ಮೆಷಿನ್ನುಗಳ ಮುಂದೆ ಕೂತರು. "ನೋಡಿ, ಬ್ಯಾಗಿಂದು ಮೋಟರ್ರಿಗೆ ಒಳ್ಳೇದು. ಧೂಳೆಲ್ಲ ಬ್ಯಾಗಲ್ಲೇ ನಿಲ್ಲುತ್ತೆ. ಆದ್ರೆ ಬ್ಯಾಗ್ ತಗೊಂಡು ತಗೊಂಡು ಸಾಕಾಯ್ತದೆ, ನೀವೇ ನೋಡುದ್ರಲ್ಲ. ಡಬ್ಬಿದು ಖರ್ಚಿಲ್ಲ, ಫಿಲ್ಟರ್ ತೊಳ್ದು ಪೂರ್ತಿ ಒಣಗಿಸ್ಬೇಕು. ಹಸಿ ಹಾಕುದ್ರೋ, ಮೋಟರ್ ಹೋಯ್ತು. ಇದು ನೀರಿಂದು. ಧೂಳು ನೀರಲ್ಲಿ ಮುಳುಗುತ್ತೆ, ಮೇಲೆ ಹಾರಲ್ಲ. ಆದ್ರೆ ಕೆಲಸ ಆದ ತಕ್ಷಣ ಚೆಲ್ಲಿ ತೊಳೀಬೇಕು, ಇಲ್ದಿದ್ರೆ ನಾತ. ಎತ್ತೋಕೆ ನಿಮ್ ಯಜಮಾನ್ರೇ ಬೇಕು. ಕರೆಂಟ್ ಲೆಕ್ಕ ಬುಟ್ಬುಡಿ, ಎಲ್ಲ ಹೆಚ್ಚುಕಮ್ಮಿ ಒಂದೇ."

"ಬಾಳಿಕೆ?"

"ಯಾರ್ ಮನೇಲಿ?" ಎಂದು ನಕ್ಕರು. "ಇಲ್ಲೇ ನಾಗಶ್ರೀ ಟೀಚರ್ ಮನೇಲಿ ನಿಮ್ದೇ ಥರದ್ದು ವರ್ಷಗಟ್ಲೆಯಿಂದ ಓಡ್ತೈತೆ. ನಿಮ್ಮನೇಲಿ ಒಂದು ಮಳೆಗಾಲ ದಾಟಲಿಲ್ಲ. ಮೆಷಿನ್ದೇನ್ ತಪ್ಪು ಭಾಬಿ? ಹಿಂದ್ಗಡೆ ದಿನಾ ಅಷ್ಟು..."

ಅಲ್ಲಿಗೆ ನಿಲ್ಲಿಸಿದರು. ಬುಷ್ರಾ ಅವರನ್ನೇ ನೋಡುತ್ತಿದ್ದಳು.

"ಹಿಂದ್ಗಡೆ ಏನು ಮಾಮು?"

"ಏನಿಲ್ಲ ಕಣಮ್ಮ. ಬಿಸ್ಕತ್ ತಿನ್ನು."

ನೀರಿನ ಮೆಷಿನ್ನನ್ನು ಒಂದಷ್ಟು ದಿನ ಉಪಯೋಗಿಸಿ ನೋಡಿ ಎಂದು ಕೊಟ್ಟು, ಬಸ್ಸಿನವರೆಗೆ ತಾವೇ ಹೊತ್ತು ತಂದರು. ವಾಪಸು ಬರುವಾಗ ಬುಷ್ರಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಕಬ್ಬಿನ ಗದ್ದೆಗಳ ಮೇಲೆ ಸಂಜೆಯ ಬೆಳಕು ಹರಡಿತ್ತು, ಕಾಲುವೆಯ ನೀರು ಬಸ್ಸಿನ ಜೊತೆಗೇ ಸ್ವಲ್ಪ ದೂರ ಬಂದು ಎಲ್ಲೋ ತಿರುಗಿಕೊಂಡಿತು. ತೆರೆದ ಕಿಟಕಿಯ ಗಾಳಿಗೆ ಅವಳ ಉಸಿರು ಸಲೀಸಾಗಿ ಬರುತ್ತಿತ್ತು. ಮನೆಯಿಂದ ದೂರ ಹೋದಷ್ಟೂ ಸಲೀಸು, ಹತ್ತಿರ ಬಂದಷ್ಟೂ ಬಿಗಿ. ಅದು ನನಗೆ ಕಾಣದೇ ಇರಲಿಲ್ಲ. ಈ ಬಸ್ಸು ಮಳವಳ್ಳಿಯನ್ನು ಮರೆತು ಹೀಗೇ ಹೋಗುತ್ತಿರಲಿ ಎಂದು ಒಂದು ಗಳಿಗೆ ಅಂದುಕೊಂಡೆ. ಆಮೇಲೆ ರಾತ್ರಿಯ ಸಾರಿಗೆ ಬೇಳೆ ನೆನೆಸಿಲ್ಲ ಎಂಬುದು ನೆನಪಾಯಿತು.

ಭಾನುವಾರ ಬೆಳಿಗ್ಗೆ ಹೊಸ ಮೆಷಿನ್ನು ಹಾಕಿದೆ. ಬುಷ್ರಾ ಪಾರದರ್ಶಕ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಳಗೆ ನೀರು ಸುತ್ತುತ್ತ ಸುತ್ತುತ್ತ ಗಂಜಿಯ ಬಣ್ಣಕ್ಕೆ ತಿರುಗಿತು. ಎಳೆಗಳು ಒಂದನ್ನೊಂದು ಹಿಡಿದುಕೊಂಡು ಮುಳುಗಿದವು.

"ಅಮ್ಮೀ, ಮೋಡ ತೊಳೆದಂಗಿದೆ," ಎಂದಳು.

ಅಷ್ಟರಲ್ಲಿ ನಮ್ಮತ್ತೆ ಜೈನಾಬ್ ಬೀ ಒಳಗಿನಿಂದ ಬಂದರು. ಕೈಯಲ್ಲಿ ಮೊರ. ತೊಟ್ಟಿ ನೋಡಿ ಅವರ ಮುಖ ಸಪ್ಪಗಾಯಿತು.

"ನೆನಸ್ಬುಟ್ಯಾ? ಇನ್ನಿದ್ನ ಹಿಂಡಿ ಒಣಗಿಸ್ಬೇಕಲ್ಲೇ."

"ಯಾಕೆ ಒಣಗಿಸೋದು ಅತ್ತೆ?"

"ಯಾಕೆ ಅಂದ್ರೆ? ಅರಳೆ ಬಿಸಾಕ್ತಾರಾ?"

ಈ ಮನೆಯ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಗಿರಾಕಿ ತಂದ ಅರಳೆಯಲ್ಲಿ ಒಂದು ಹಿಡಿಯೂ ನಮ್ಮದಲ್ಲ, ಎಕ್ಕಿದ್ದೆಲ್ಲ ಅವರ ಹಾಸಿಗೆಗೇ ಹೋಗಬೇಕು. ಹಾರಿ ಬಂದು ನೆಲಕ್ಕೆ ಬಿದ್ದದ್ದು ಮಾತ್ರ ಮನೆಯದು. ಅದನ್ನು ಬುಟ್ಟಿಯಲ್ಲಿ ಕೂಡಿಡುತ್ತಿದ್ದರು. ನನ್ನ ಗಂಡ ಮಗುವಾಗಿದ್ದಾಗ ಮಲಗಿದ್ದೂ ಅಂಥ ಅರಳೆಯ ಮೇಲೆಯೇ. ಆದರೆ ಮೆಷಿನ್ನು ಬಂದಮೇಲೆ ಅದೆಲ್ಲ ನಿಂತಿತು ಎಂದುಕೊಂಡಿದ್ದೆ.

"ಡಬ್ಬಿ ಖಾಲಿ ಮಾಡ್ತಿದ್ದಿದ್ದು ನೀವಾ?"

"ಮತ್ತಿನ್ಯಾರು? ಕೈಲಿ ಆಯ್ದಿದ್ದಕ್ಕಿಂತ ನುಣ್ಣಗಿರ್ತದೆ, ಬೆಣ್ಣೆ ಇದ್ದಂಗೆ. ಮಗೀಗೆ ತಲೆ ಎತ್ತರ ಇದ್ರೆ ಉಸ್ರು ಸಲೀಸು ಅಂತ ಡಾಕ್ಟ್ರೇ ಅಂದ್ರಲ್ಲ. ಅದುಕ್ಕೇ ಅವಳ ದಿಂಬಿಗೆ ತುಂಬ್ತಾ ಬಂದೆ. ಎಷ್ಟು ಎತ್ತರ ಆಗೈತೆ ನೋಡು."

ನಾನು ಒಳಗೆ ಹೋಗಿ ದಿಂಬನ್ನು ಹಿತ್ತಿಲಿಗೆ ತಂದೆ. ಬಿಸಿಲಲ್ಲಿ ಮೆಲ್ಲಗೆ ಒತ್ತಿದೆ. ಹೊಲಿಗೆಯ ಸಂದಿನಿಂದ ಬೂದು ಹೊಗೆಯ ಹಾಗೆ ಧೂಳು ಎದ್ದಿತು. ನೆಲದಿಂದ ನಾನು ಎತ್ತಿದ್ದೆಲ್ಲ ರಾತ್ರಿಯಾದರೆ ನನ್ನ ಮಗಳ ಕೆನ್ನೆಯ ಕೆಳಗೇ ಇತ್ತು.

ಅತ್ತೆ ಅದನ್ನೇ ನೋಡುತ್ತ ನಿಂತರು. ಮೊರ ಕೈಜಾರಿತು. ಮೆಟ್ಟಿಲ ಮೇಲೆ ಕೂತು, "ನಾನೇನಾ?" ಎಂದರು, ತಮ್ಮಷ್ಟಕ್ಕೆ. ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಬೆರಳ ತುದಿಗಳು ನಾರಿನ ಹಾಗೆ ಒರಟು. ಮೊಮ್ಮಗಳಿಗಾಗಿ ಒಂದೊಂದೇ ಚಿಟಿಕೆ ತುಂಬಿದ ಕೈ ಅದು.

ಕೊಟ್ಟಿಗೆಯಲ್ಲಿ ಯಂತ್ರ ನಿಂತಿತು. ಮಂಗಳಮ್ಮನ ಹಾಸಿಗೆಯನ್ನು ಅರ್ಧ ಎಕ್ಕಿದ್ದ ಜಕೀವುಲ್ಲಾ ಹೊರಗೆ ಬಂದರು. ಹುಬ್ಬು, ಗಡ್ಡ, ಕಿವಿಯ ಅಂಚು ಎಲ್ಲ ಬೆಳ್ಳಗೆ, ಒಂದೇ ಬೆಳಿಗ್ಗೆಯಲ್ಲಿ ಮುದುಕರಾದಂತೆ. ನಾನು ನಡೆದದ್ದು ಹೇಳಿದೆ. ಅವರು ಕೇಳುತ್ತ ಕೇಳುತ್ತ ಭುಜ ಇಳಿಬಿಟ್ಟರು. ಮುಖದಲ್ಲಿ ಒಂದು ನಗು ಬಂತು. ಎಷ್ಟೋ ತಿಂಗಳಿಂದ ನಾನು ನೋಡದ ನಗು.

"ದಿಂಬು," ಎಂದರು. "ಬರೀ ದಿಂಬಾ? ಅಮ್ಮಾ, ಅಳ್ಬೇಡ ಬುಡು. ಗೊತ್ತಾಯ್ತಲ್ಲ, ಅಷ್ಟು ಸಾಕು." ದಿಂಬನ್ನು ಎತ್ತಿಕೊಂಡು ಹೋಗಿ ಬೇಲಿಯ ಆಚೆ ತಿಪ್ಪೆಗೆ ಹಾಕಿ ಬಂದರು. "ಮೆಷಿನ್ನೂ ಬದ್ಲಾಯ್ತು, ದಿಂಬೂ ಓಯ್ತು. ಇನ್ನೇನೈತೆ? ಇನ್ನು ಸರಿ ಓಗ್ತದೆ ಕಣಮ್ಮ ಬುಷ್ರಾ."

ನನಗೂ ಹಾಗೇ ಅನಿಸಿತು. ಅಥವಾ ಹಾಗೆ ಅನಿಸಲಿ ಎಂದು ಬಯಸಿದೆ. ಬಿಸಿಲು ಹಿತವಾಗಿತ್ತು. ಕೊಟ್ಟಿಗೆಯ ಬಾಗಿಲಿಂದ ಅರಳೆ ಹಾರಿ ಬಂದು, ಒಣಹಾಕಿದ ಬಟ್ಟೆಗಳ ಮೇಲೆ, ಅತ್ತೆಯ ಸೆರಗಿನ ಮೇಲೆ, ಹಿತ್ತಿಲ ನಲ್ಲಿಯಲ್ಲಿ ತೊಟ್ಟಿ ತೊಳೆಯುತ್ತಿದ್ದ ನನ್ನ ಒದ್ದೆ ಕೈಯ ಮೇಲೆ ಕೂರುತ್ತಿತ್ತು. ಯಾರೂ ಅದನ್ನು ಒರೆಸಿಕೊಳ್ಳಲಿಲ್ಲ.

ಹಿತ್ತಿಲ ಬಾಗಿಲಲ್ಲಿ ಬಂದು ಕೂತಿದ್ದ ಬುಷ್ರಾ ಎದ್ದು ಅಪ್ಪನ ಹತ್ತಿರ ಹೋದಳು. ಅವರು ಅವಳ ಎತ್ತರಕ್ಕೆ ಬಗ್ಗಿದರು. ಅವಳು ಅವರ ಹುಬ್ಬಿನಿಂದ ಒಂದು ಎಳೆಯನ್ನು ತೆಗೆದು, ಬೆರಳ ತುದಿಯಲ್ಲಿಟ್ಟು, ಊದಿದಳು. ಉಸಿರು ಸಾಲಲಿಲ್ಲ. ಎಳೆ ಅಲ್ಲೇ ಅಲ್ಲಾಡಿತು. ಅವಳ ಬಾಯಿ ತೆರೆಯಿತು, ಮುಚ್ಚಿತು. ನಾನು ನಲ್ಲಿ ನಿಲ್ಲಿಸಿದೆ. ತಡೆಯಬೇಕೆಂದರೆ ತಡೆಯಬಹುದಿತ್ತು. ಬಾ ಬುಷ್ರಾ, ತಿಂಡಿಗೆ ಹೊತ್ತಾಯಿತು ಎಂದರೆ ಸಾಕಿತ್ತು. ನಾನು ಅನ್ನಲಿಲ್ಲ.

"ಅಬ್ಬಾ," ಎಂದಳು ಬುಷ್ರಾ, ಅವರ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ದಿಂಬಲ್ಲಿ ಇದ್ದಿದ್ದೂ ನಿನ್ ಅರಳೇನೇ ಅಲ್ವಾ? ನೀನು ಎಕ್ಕೋದ್ರಿಂದಾನೇನಾ ನಂಗೆ ಉಸ್ರು ಕಟ್ಟೋದು?"