ಅಚ್ಚಾದ ಸಾಕ್ಷಿ

ಸುಳ್ಳು ಯಾರು ಹೇಳಲ್ಲ, ನೀವೇ ಹೇಳಿ? ಹೇಳ್ತೀವಿ, ನಾಲ್ಕು ದಿನಕ್ಕೆ ಜನ ಮರೀತಾರೆ, ನಾವೂ ಮರೀತೀವಿ. ಅಂಕಮ್ಮನ ಗ್ರಹಚಾರ ನೋಡಿ, ಅವಳ ಸುಳ್ಳು ಅಚ್ಚಾಗಿಬಿಟ್ಟಿತು. ಅದೂ ಫೋಟೋ ಸಮೇತ.

ಅಂಕಮ್ಮ ಹುಟ್ಟಿದ್ದು ಪಾಲಮಲೆಯ ಮೇಲೆ, ಕನ್ನಡ ಮಾತಾಡೋ ಮನೆಯಲ್ಲಿ. ಸ್ಕೂಲಿನ ಮುಖ ಕಂಡವಳಲ್ಲ. ಸೇಲಂಗೆ ಬಂದು ಜವ್ವರಿಸಿ, ಅದೇ ಸಬ್ಬಕ್ಕಿ, ಮಾಡೋ ಮಿಲ್ಲಿಗೆ ಸೇರಿ, ಮೂಟೆ ಎಣಿಸಿ ಎಣಿಸಿ ಅಂಕಿ ಕಲಿತಳು. ಅಷ್ಟೇ ಅವಳ ವಿದ್ಯೆ. ಗಂಡ ಸತ್ತ ವರ್ಷ ಮಿಲ್ಲಿನ ಗೆಳತಿ ಅವಳನ್ನು ರೈಲ್ವೆ ಜಂಕ್ಷನ್ ಹಿಂದಿನ ಚರ್ಚಿಗೆ ಕರೆದುಕೊಂಡು ಹೋದಳು. ಅಲ್ಲಿ ಹಾಡಿದ್ದನ್ನು ಕೇಳಿ ಅತ್ತಳು, ಅತ್ತ ಮೇಲೆ ಎದೆ ಹಗುರಾಯಿತು, ಅಲ್ಲಿಯೇ ಉಳಿದಳು. ಅದರಲ್ಲಿ ಸುಳ್ಳೇನೂ ಇಲ್ಲ.

ಆ ಚರ್ಚಿನಲ್ಲಿ ಒಂದು ಪದ್ಧತಿ. ಮುಂದಿನ ಗೋಡೆಯ ಕರಿಹಲಗೆ ಮೇಲೆ ಅವತ್ತಿನ ಹಾಡುಗಳ ನಂಬರ್ ಬರೆದಿರುತ್ತಾರೆ. ನಂಬರ್ ನೋಡು, ತಮಿಳು ಹಾಡಿನ ಪುಸ್ತಕ ಬಿಚ್ಚು, ಹಾಡು. ಅಂಕಿ ಬರುತ್ತಿದ್ದ ಅಂಕಮ್ಮನಿಗೆ ಅಷ್ಟು ಸಾಕಾಯಿತು. ಎಪ್ಪತ್ನಾಲ್ಕು ಅಂದರೆ ಯಾವುದು, ನೂರಾ ಹನ್ನೆರಡು ಅಂದರೆ ಯಾವುದು ಅಂತ ಕಿವಿಯಲ್ಲೇ ಕಲಿತುಬಿಟ್ಟಳು. ಐದಾರು ವರ್ಷದಲ್ಲಿ ಇನ್ನೂರು ಹಾಡು ಬಾಯಿಗೆ ಬಂದವು. ಅಕ್ಷರ ಮಾತ್ರ ಒಂದೂ ಬರಲಿಲ್ಲ. ಆದರೂ ಸಾಲಿನ ಕೆಳಗೆ ಬೆರಳು ಓಡಿಸುತ್ತಿದ್ದಳು, ಅಬ್ಬಬ್ಬಾ, ಎಂ.ಎ. ಓದಿದವರೂ ಹಾಗೆ ಓಡಿಸಲಾರರು!

ಹನ್ನೆರಡು ವರ್ಷದ ಕೆಳಗೆ ಹೊರಗಿನಿಂದ ಬಂದ ಒಬ್ಬ ಬೋಧಕರು ಅವಳ ಹಾಡು ಕೇಳಿ, ಎಲ್ಲರೆದುರು, "ಯಾವ ಸ್ಕೂಲಲ್ಲಿ ಓದಿದೆ ತಾಯಿ?" ಅಂತ ಕೇಳಿದರು. ಸುತ್ತ ಟೀಚರಮ್ಮಗಳು, ನರ್ಸಮ್ಮಗಳು. ಅಂಕಮ್ಮನಿಗೆ ನಾಚಿಕೆಯಾಯಿತು. ಸ್ಕೂಲಿಗೆ ಹೋಗಿಲ್ಲ ಅಂದಳು. ಅಲ್ಲಿಗೆ ನಿಲ್ಲಿಸಬಾರದಾಗಿತ್ತೇ? "ಜ್ಞಾನಸ್ನಾನ ತಗೊಂಡು ಚರ್ಚಿಗೆ ಸೇರಿದ ದಿನ ಏಸಪ್ಪ ಕಣ್ಣು ತೆರೆಸಿದ, ಓದಲು ಬಂದುಬಿಡ್ತು" ಅಂತ ಸೇರಿಸಿದಳು. ಚರ್ಚೇ ಎದ್ದು ನಿಂತು "ತೋತ್ರಂ! ತೋತ್ರಂ!" ಅಂತ ದೇವರ ಸ್ತುತಿ ಕೂಗಿತು. ಮುಂದಿನ ತಿಂಗಳ ಭಕ್ತಿ ಪತ್ರಿಕೆಯಲ್ಲಿ ಅದು 'ಅಂಕಮ್ಮನ ಸಾಕ್ಷಿ' ಅಂತ ಬಂತು. ಆಮೇಲೆ ನಾಲ್ಕು ಪುಟದ ಕರಪತ್ರವಾಗಿ ಬಸ್‌ಸ್ಟ್ಯಾಂಡ್‌ಗಳಲ್ಲೆಲ್ಲ ಹಂಚಿಹೋಯಿತು.

ಅವತ್ತಿನಿಂದ ಬೆಳಿಗ್ಗೆ ಬೆಳಿಗ್ಗೆ ಮೊಣಕಾಲೂರಿ, "ನಾಳೆ ದಿಟ ಏಳ್ಬುಡ್ತೀನಿ ಕಣಪ್ಪಾ" ಅನ್ನುತ್ತಿದ್ದಳು. ದೇವರೊಡನೆ ಕನ್ನಡದಲ್ಲೇ ಅವಳ ಮಾತು. ಆ ನಾಳೆ ಹನ್ನೆರಡು ವರ್ಷವಾದರೂ ಬರಲಿಲ್ಲ.

ಬಂದವಳು ಮಾಲತಿ. ತಾರಮಂಗಲದ ಕಡೆಯ ಕೈಮಗ್ಗದ ಮನೆಯವಳು, ಹಿಂದೂ, ಮನೆಮಾತು ಕನ್ನಡ. ಅವಳ ಮಗಳು ಇಂದುಜಾಗೆ ಒಂಬತ್ತು ವರ್ಷ. ಮಾತಿನಲ್ಲಿ ಚೂಟಿ, ಅಕ್ಷರ ಮಾತ್ರ ಅವಳ ಕಣ್ಣೆದುರು ನಿಲ್ಲುತ್ತಲೇ ಇರಲಿಲ್ಲ. ಇಂಥ ಮಕ್ಕಳಿಗೇ ಕಲಿಸೋ ಒಬ್ಬ ಟೀಚರ್ ಸೇಲಂನಲ್ಲಿದ್ದರು. ಮಾಲತಿ ಪ್ರತಿ ಶನಿವಾರ ಮಗಳನ್ನು ಅವರ ಹತ್ತಿರ ಕರೆತರುತ್ತಿದ್ದಳು. ಒಂದು ಶನಿವಾರ ಬಸ್ಸಿನಲ್ಲಿ ಕರಪತ್ರ ಕೈಗೆ ಸಿಕ್ಕಿತು. ಚರ್ಚಿನಲ್ಲಿ ವಿಚಾರಿಸಿ, ಮಗಳನ್ನು ಕರೆದುಕೊಂಡು ನೆಟ್ಟಗೆ ಅಂಕಮ್ಮನ ಮನೆಗೇ ಬಂದಳು.

"ತಲೆ ಮ್ಯಾಲೆ ಕೈ ಮಡಗಿ ಪ್ರಾರ್ಥನೆ ಮಾಡಕ್ಕ. ನಿಂಗೆ ಬಂದಂಗೆ ಇವ್ಳಿಗೂ ಬರ್ಲಿ."

ಕನ್ನಡ ಕೇಳಿ ಅಂಕಮ್ಮ ಕರಗಿಹೋದಳು. ಆ ಚರ್ಚಿನಲ್ಲಿ ಅವಳ ಮಾತು ಬಲ್ಲವರು ಒಬ್ಬರೂ ಇರಲಿಲ್ಲ. ಕೈಯಿಟ್ಟು ಪ್ರಾರ್ಥಿಸಿದಳು. ಮೂರನೇ ಶನಿವಾರ ಮಾಲತಿ ಕಾಫಿ ಕುಡಿಯುತ್ತಾ, "ಆ ಟೀಚರ್ನ ಬುಟ್‌ಬುಟ್ಟೆ ಕಣಕ್ಕ. ನೀನಿದ್ದೀಯಲ್ಲ, ಇನ್ಯಾಕೆ ಅವ್ರು?" ಅಂದಳು.

ಹೇಳಬೇಕು, ಈಗಲೇ ಹೇಳಬೇಕು ಅಂತ ಅಂಕಮ್ಮ ಬಾಯಿ ತೆರೆದಳು. "ಇನ್ನೊಂದ್ ತೊಟ್ಟು ಕಾಫಿ ಆಕ್ಲಾ?" ಅಂತ ಕೇಳಿದಳು. ಥೂ! ಅವಳಿಗೇ ಅವಳ ಮೇಲೆ ಅಸಹ್ಯವಾಯಿತು.

ಅದೇ ತಿಂಗಳು ಹೊಸ ಹಾಡಿನ ಪುಸ್ತಕ ಬಂತು. ಪಾಸ್ಟರ್ ಧನಶೇಖರ್ ಕಷ್ಟಪಟ್ಟು ಮಾಡಿಸಿದ್ದು. ಹೊಸ ಹಾಡು ಸೇರಿಸಿ, ಎಲ್ಲವನ್ನೂ ಅಕ್ಷರಕ್ರಮಕ್ಕೆ ತಂದು, ನಂಬರುಗಳನ್ನು ಅಡಿಮೇಲು ಮಾಡಿಬಿಟ್ಟಿದ್ದರು. ಮನೆ ನಂಬರ್ ಅದೇ, ಒಳಗಿರೋರು ಬೇರೆ. ಅದೂ ಹೋಗಲಿ, ಮೊದಲ ಪುಟದಲ್ಲೇ ಅಂಕಮ್ಮನ ಫೋಟೋ, ಅದರ ಕೆಳಗೆ ಅವಳ ಸಾಕ್ಷಿ!

"ಭಾನುವಾರ ಪುಸ್ತಕ ಬಿಡುಗಡೆ. ಈ ಪುಟವನ್ನು ನೀವೇ ಓದಬೇಕು ಅಕ್ಕಾ" ಅಂದರು ಪಾಸ್ಟರ್. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರು ಬೇರೆ ತಂದುಕೊಂಡಿದ್ದರು.

ವಾರವೆಲ್ಲ ಅಂಕಮ್ಮ ತಪ್ಪಿಸಿಕೊಳ್ಳೋ ದಾರಿ ಹುಡುಕಿದಳು. ಯಾರ ಹತ್ತಿರವಾದರೂ ಓದಿಸಿ ಬಾಯಿಪಾಠ ಮಾಡೋಣ ಅಂದರೆ, ಓದಲು ಬರೋ ಅಂಕಮ್ಮ ಇನ್ನೊಬ್ಬರ ಹತ್ತಿರ ಓದಿಸಿಕೊಳ್ಳೋದು ಹೇಗೆ? ಜ್ವರ ಅಂತ ಮಲಗೋಣ ಅಂದರೆ, ಪ್ರಾರ್ಥನೆ ಮಾಡೋಕೆ ಚರ್ಚೇ ಮನೆಗೆ ಬರುತ್ತೆ. ಯಾವ ಕಡೆ ಹೊರಳಿದರೂ ಗೋಡೆ. ಕೊನೆಗೆ, ಆಗಿದ್ದಾಗಲಿ, ಹೇಳಿಬಿಡ್ತೀನಿ ಅಂತ ಗಟ್ಟಿಮಾಡಿಕೊಂಡಳು. ಆ ಹುಡುಗಿಯ ಮುಖ ನೆನಪಾದಾಗಲೆಲ್ಲ ಇನ್ನಷ್ಟು ಗಟ್ಟಿಯಾದಳು.

ಭಾನುವಾರ ಚರ್ಚು ತುಂಬಿತ್ತು. ಮಾಲತಿ ಮಗಳೊಂದಿಗೆ ಮುಂದಿನ ಸಾಲಿನಲ್ಲೇ ಕೂತಿದ್ದಳು. ಸಾಕ್ಷಿ ಓದುವುದನ್ನು ಕಣ್ಣಾರೆ ನೋಡಬೇಕು ಅಂತ ಬಂದಿದ್ದಳು. ಅಂಕಮ್ಮ ಮೈಕ್ ಹಿಡಿದು ತಮಿಳಿನಲ್ಲಿ ಹೇಳಿದಳು: "ನನಗೆ ಓದಲು ಬರಲ್ಲ."

ಪಾಸ್ಟರ್ ಪಕ್ಕಕ್ಕೆ ಬಂದು, "ನೋಡಿ, ಎಂಥ ದೀನತೆ! ಓದುವವಳು ನಾನಲ್ಲ, ನನ್ನೊಳಗಿರುವ ಕರ್ತ ಅಂತಿದ್ದಾರೆ" ಅಂದರು. ಚಪ್ಪಾಳೆಯೋ ಚಪ್ಪಾಳೆ.

"ಹಾಗಲ್ಲ ಅಯ್ಯಾ, ನಾನು ಹೇಳಿದ್ದು ಸುಳ್ಳು" ಅಂದಳು.

ಚಪ್ಪಾಳೆಯಲ್ಲಿ ಅದು ಪಾಸ್ಟರಿಗೆ ಮಾತ್ರ ಕೇಳಿಸಿತು. ಈಗ ಅವರು ಅವಳ ಮುಖವನ್ನು ದಿಟ್ಟಿಸಿದರು. ಅವರಿಗೆ ಅರ್ಥವಾಯಿತು. ಮೈಕಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದರು: "ಅಕ್ಕಾ, ದಮ್ಮಯ್ಯ. ಪುಸ್ತಕವೆಲ್ಲ ಅಚ್ಚಾಗಿಹೋಗಿದೆ. ನಿಮ್ಮನ್ನು ನಂಬಿ ಬಂದವರು ಎಷ್ಟು ಜನ ಗೊತ್ತಾ? ನಾನು ಮೆಲ್ಲಗೆ ಹೇಳಿಕೊಡ್ತೀನಿ, ನೀವು ಜೋರಾಗಿ ಹೇಳಿ, ಸಾಕು."

ಎಷ್ಟು ಸುಲಭ! ಅಂಕಮ್ಮನಿಗೆ ಆಸೆಯಾಯಿತು, ಸುಳ್ಳು ಯಾಕೆ. ಪಾಸ್ಟರ್ ಮೊದಲ ಮಾತು ಪಿಸುಗುಟ್ಟಿಯೂ ಆಯಿತು. ಅಷ್ಟರಲ್ಲಿ ಮಾಲತಿ ಮಗಳ ಗಲ್ಲ ಹಿಡಿದೆತ್ತಿ ಇವಳ ಕಡೆ ತೋರಿಸುವುದು ಕಂಡಿತು. ಅಂಕಮ್ಮ ಮೈಕನ್ನು ಪಾಸ್ಟರ್ ಕೈಗೆ ಕೊಟ್ಟು ಕೆಳಗಿಳಿದು, ಮಾಲತಿ ಪಕ್ಕ ಕುಕ್ಕರಿಸಿ, ಹುಡುಗಿಯ ಭುಜದ ಮೇಲೆ ಕೈಯಿಟ್ಟಳು.

"ದೇವ್ರಾಣೆ ನಂಗೆ ಓದಾಕೆ ಬರಾಕಿಲ್ಲ ಕಣವ್ವಾ. ಅವತ್ತೂ ಬರ್ತಿರ್ಲಿಲ್ಲ, ಇವತ್ತೂ ಬರಾಕಿಲ್ಲ. ಮಗೀನ ಆ ಟೀಚರ್ ತಾವ್ಕೇ ಕರ್ಕೊಂಡೋಗು."

ಮಾಲತಿ ನಂಬಿದಳು. ಅಷ್ಟು ಜನರಲ್ಲಿ ನಂಬಿದವಳು ಅವಳೊಬ್ಬಳೇ. ಮಗಳ ಮೇಲಿದ್ದ ಅಂಕಮ್ಮನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಟೀಚರ್ನ ಬುಟ್ಟೆ ಅಂತ ನಿನ್ ಮುಂದೇನೇ ಏಳಿದ್ನಲ್ಲಕ್ಕ. ಅವತ್ತು ನೀನು ಕಾಫಿ ಬೇಕಾ ಅಂತ ಕೇಳ್ದೆ."

ಮಗಳನ್ನು ಎಬ್ಬಿಸಿಕೊಂಡು ಬಾಗಿಲ ಕಡೆ ನಡೆದಳು. ಪಾಸ್ಟರ್ ತಾವೇ ಪುಟ ಓದಲು ಶುರುಮಾಡಿದ್ದರು: ಪಾಲಮಲೆಯಲ್ಲಿ ಹುಟ್ಟಿದ ಈ ಸೋದರಿ... ಜನರೆಲ್ಲ ಅಂಕಮ್ಮನತ್ತ ತಿರುಗಿದರು. ಅವಳು ಎದ್ದು ಮಾಲತಿಯ ಹಿಂದೆ ಓಡಬೇಕೆಂದರೆ, ಆ ಕಡೆ ಈ ಕಡೆ ಹೆಂಗಸರು ಪ್ರೀತಿಯಿಂದ ಕೈ ಹಿಡಿದು ನಿಲ್ಲಿಸಿಕೊಂಡರು. "ತೋತ್ರಂ! ತೋತ್ರಂ!" ಅನ್ನೋ ಕೂಗಿಗೆ ಗೋಡೆ ಅದುರುತ್ತಿತ್ತು. ತಮಿಳೆಲ್ಲ ಮರೆತುಹೋಗಿ, "ಸುಳ್ಳು ಕಣ್ರವ್ವೋ, ಎಲ್ಲಾ ಸುಳ್ಳು!" ಅಂತ ಅಂಕಮ್ಮ ಅಳುತ್ತಾ ಕಿರುಚಿದಳು. ಮೈಮೇಲೆ ಪವಿತ್ರಾತ್ಮ ಇಳಿದುಬಂದಿದೆ, ಆತ್ಮ ಆಡಿಸೋ, ಮನುಷ್ಯರಿಗೆ ತಿಳಿಯದ ಅನ್ಯಭಾಷೆ ಆಡುತ್ತಿದ್ದಾಳೆ ಅಂತ ಹೆಂಗಸರು ಅವಳ ಕಣ್ಣೊರೆಸಿ ತಾವೂ ಅತ್ತರು. ಕನ್ನಡ ಗೊತ್ತಿದ್ದವಳು ಅಲ್ಲಿ ಒಬ್ಬಳೇ, ಅವಳು ಆಗಲೇ ಬಾಗಿಲು ದಾಟಿದ್ದಳು.