ಏಳನೇ ಮಹಡಿಯ ಹಾಡು

ನಮ್ಮ ಮಂಡಳಿಯಲ್ಲಿ ಒಂದು ಪದ್ಧತಿ ಇದೆ. ನಾಟಕದ ಒಂದು ಹಾಡನ್ನು ಮೊದಲು ಯಾರು ಹಾಡಿದರೋ ಅದು ಅವರ ಸ್ವತ್ತು. ಅವರಾಗಿ ಬಿಟ್ಟುಕೊಡುವ ತನಕ ಬೇರೆ ಯಾರೂ ಅದಕ್ಕೆ ಬಾಯಿ ಹಾಕುವಂತಿಲ್ಲ. ಇದು ಬರೆದಿಟ್ಟ ನಿಯಮವಲ್ಲ. ಬರೆದಿಟ್ಟ ನಿಯಮಗಳನ್ನು ನಮ್ಮಲ್ಲಿ ಯಾರೂ ಪಾಲಿಸುವುದಿಲ್ಲ, ಇದನ್ನು ಎಲ್ಲರೂ ಪಾಲಿಸುತ್ತಾರೆ.

ಅಮ್ಮನ ಸ್ವತ್ತು ‘ಏಳನೇ ಮಹಡಿ’. ದೊಡ್ಡ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುವ ಹುಡುಗಿಯ ಕಥೆ ಇರುವ ನಾಟಕದ ಹಾಡು. ಒಂದೊಂದು ಚರಣಕ್ಕೆ ಒಂದೊಂದು ಮಹಡಿ ಏರುತ್ತದೆ, ದನಿಯೂ ಜೊತೆಗೇ ಏರಬೇಕು. ಏಳನೆಯದರಲ್ಲಿ ಒಂದೇ ಸ್ವರವನ್ನು ಹಿಡಿದು ನಿಲ್ಲಬೇಕು. ಅಮ್ಮ ಅದನ್ನು ಮೊದಲು ಹಾಡಿದಾಗ ಅವಳಿಗೆ ಮೂವತ್ತಾರು, ನನಗೆ ಹನ್ನೆರಡು. ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಅವತ್ತಿನಿಂದ ನನಗೆ ಆ ಹಾಡು ಬೇಕಿತ್ತು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಾಯಿಬಿಟ್ಟು ಕೇಳಿದೆ. ಅಮ್ಮ ಆಸ್ಪತ್ರೆಯೊಂದರ ಮುಂಭಾಗದ ಮೇಜಿನಲ್ಲಿ ಕೂತು ರೋಗಿಗಳ ಸರದಿ ಕೂಗುವವಳು. ಮನೆಯಲ್ಲೂ ಅದೇ ದನಿ.

“ನನ್ನ ಕೈಲಿ ಏಳನೇ ಮಹಡಿ ಮುಟ್ಟೋಕಾಗದ ದಿನ ನಾನೇ ಕರೆದು ಕೊಡ್ತೀನಿ. ಅಲ್ಲಿವರೆಗೆ ಸಾಲಲ್ಲಿ ನಿಂತ್ಕೋ” ಅಂದಳು.

ನಿಂತೆ. ಈಗ ನನಗೆ ಮೂವತ್ತನಾಲ್ಕು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ವಾರಕ್ಕೆರಡು ಸಂಜೆ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ತಾಲೀಮು. ರಬ್ಬರಿನ ವಾಸನೆ ಕುಡಿದುಕೊಂಡು ಕೋರಸ್ಸಿನ ಎರಡನೇ ಸಾಲಿನಲ್ಲಿ ‘ಆ’ ಅನ್ನುವುದು, ಹಾಡು ಬದಲಾದಾಗ ಅಪ್ಪನ ಪಕ್ಕ ಹೋಗಿ ಪುಟ ತಿರುಗಿಸುವುದು.

ಅಪ್ಪ ನೋಂದಣಿ ಕಚೇರಿಯಲ್ಲಿ ಗುಮಾಸ್ತರು, ಮಂಡಳಿಯಲ್ಲಿ ಕೀಬೋರ್ಡು ನುಡಿಸುವವರು. ಯಾರನ್ನೂ ಏನನ್ನೂ ಕೇಳಿ ಗೊತ್ತಿಲ್ಲದ ಮನುಷ್ಯ. ಬಸ್ಸಿನಲ್ಲಿ ತಮ್ಮ ಕಾಲು ತುಳಿದವರಿಗೆ ತಾವೇ ‘ಪರವಾಗಿಲ್ಲ’ ಅನ್ನುತ್ತಾರೆ. ಪುಟ ತಿರುಗಿಸುವಾಗಲೇ ನಾನು ಅದನ್ನು ಕಂಡದ್ದು, ಹತ್ತು ವರ್ಷದ ಹಿಂದೆ. ಕೀಬೋರ್ಡಿನ ಮೇಲಿನ ಸಣ್ಣ ಕಿಟಕಿಯಲ್ಲಿ ಕಳೆಯುವ ಗೀಟು, ಪಕ್ಕದಲ್ಲಿ ‘ಒಂದು’ ಅನ್ನುವ ಅಂಕಿ.

ಶ್ರುತಿ ಇಳಿಸುವ ಗುಂಡಿಯ ಗುರುತು ಅದು. ಬೆರಳು ಓಡುವುದು ಹಳೆಯ ಕೀಲಿಗಳ ಮೇಲೇ, ಹೊರಗೆ ಬರುವ ದನಿ ಮಾತ್ರ ಅರ್ಧ ಸ್ವರ ಕೆಳಗೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

“ಅರ್ಧವೇ ತಾನೆ” ಅಂದರು ಅಪ್ಪ, ದನಿ ತಗ್ಗಿಸಿ. “ಹೋದ ಸಲ ಮೇಲೆ ಹೋಗುವಾಗ ನಿಮ್ಮಮ್ಮನ ಕತ್ತಿನ ನರ ಉಬ್ಬಿತ್ತು. ಅವಳಿಗೆ ಹೇಳಬೇಡ.”

ಎರಡು ಮೂರು ವರ್ಷಕ್ಕೊಮ್ಮೆ ಆ ಅಂಕಿ ಬೆಳೆಯಿತು. ಎರಡಾಯಿತು, ಮೂರಾಯಿತು. ಈ ವರ್ಷ ನಾಲ್ಕು. ಅಮ್ಮನಿಗೆ ಗಂಟಲು ಮೊದಲಿನ ಹಾಗೇ ಇದೆ ಅನ್ನುವ ಹೆಮ್ಮೆ. ಮಂಡಳಿಯ ಉಳಿದ ಹದಿಮೂರು ಜನಕ್ಕೂ ವಿಷಯ ಗೊತ್ತಿತ್ತು. ಗೊತ್ತಾಗದೆ ಏನು? ಅವಳ ಹಿಂದೆ ಹಾಡುವ ಗಂಡಸರ ದನಿಗಳೂ ವರ್ಷ ವರ್ಷ ಕೆಳಗಿಳಿಯಬೇಕಲ್ಲ.

“ಅಕ್ಕ ಏಳನೇ ಮಹಡಿ ಅಂತ ಕೂಗ್ತಾರೆ, ಲಿಫ್ಟು ನಿಂತಿರೋದು ಮೂರರಲ್ಲಿ” ಅನ್ನುತ್ತಿದ್ದ ಕೋರಸ್ಸಿನಲ್ಲಿ ಹಾಡುವ ಪ್ಲಂಬರು, ಮೆಟ್ಟಿಲ ಹತ್ತಿರ. ನಮ್ಮಲ್ಲಿ ಅತಿ ತಗ್ಗಿನ ದನಿ ಅವನದೇ. “ಇನ್ನೊಂದು ಸಲ ಇಳಿಸಿದ್ರೆ ನಾನು ಮೋರಿಯೊಳಗೆ ನಿಂತು ಹಾಡಬೇಕು. ನಂಗೇನು, ಅಭ್ಯಾಸ ಇದೆ.”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸತ್ಯ ಅಂದರೆ, ನನ್ನ ಸರದಿ ಏಳು ವರ್ಷದ ಹಿಂದೆಯೇ ಬರಬೇಕಿತ್ತು. ಅಪ್ಪನ ಒಂದು ಬೆರಳು ಅದನ್ನು ತಡೆದು ಹಿಡಿದಿತ್ತು.

ಈ ವರ್ಷ ನಾಟಕ ಇರಲಿಲ್ಲ. ಮಾತು ಬಾಯಿಪಾಠ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಹಳೆಯ ನಾಟಕಗಳಿಂದ ಜನರ ಬಾಯಿಗೆ ಹತ್ತಿದ ಹಾಡುಗಳನ್ನು ಆರಿಸಿ ಶನಿವಾರ ಸಂಜೆ ಒಂದು, ಭಾನುವಾರ ಸಂಜೆ ಒಂದು ಕಾರ್ಯಕ್ರಮ ಅಂತ ಡಾಕ್ಟರು ತೀರ್ಮಾನಿಸಿದರು. ಡಾಕ್ಟರು ನಮ್ಮ ನಿರ್ದೇಶಕರು, ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲೂ ತಾಲೀಮಿನಲ್ಲೂ ಅವರದು ಒಂದೇ ಮಾತು: “ಬಾಯಿ ಅಗಲ ತೆಗೀರಿ.”

ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಅವರು ಕೈ ಉಜ್ಜಿಕೊಳ್ಳುತ್ತ ಬಂದರು. “ಸಿಹಿ ಸುದ್ದಿ. ಸಭಾಂಗಣದ ಪಿಯಾನೋ ರಿಪೇರಿ ಆಗಿದೆ, ಶ್ರುತಿಯೂ ಮಾಡಿಸಿದ್ದಾರೆ. ಈ ಆಟಿಕೆ ಸಾಮಾನು ಸಾಕಿನ್ನು. ನಿಜವಾದ ಪಿಯಾನೋ!”

ಅಮ್ಮ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಅಪ್ಪನ ಮುಖ ಸುಣ್ಣವಾಯಿತು.

ಪಿಯಾನೋಗೆ ಗುಂಡಿ ಇಲ್ಲ. ಇಳಿಸಬೇಕಾದರೆ ಬೆರಳುಗಳೇ ಬೇರೆ ಜಾಗಕ್ಕೆ ಹೋಗಬೇಕು. ಅಪ್ಪನಿಗೆ ಅದು ಬಾರದು. ಇಪ್ಪತ್ತೆರಡು ವರ್ಷ ಒಂದೇ ದಾರಿಯಲ್ಲಿ ಓಡಾಡಿದ ಬೆರಳುಗಳು. ಅಮ್ಮ ಕೆಲಸಕ್ಕೆ ಹೋದಾಗ ಪ್ರಯತ್ನಿಸಿದರು, ಅವಳು ಮನೆಯಲ್ಲಿದ್ದಾಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪ್ರಯತ್ನಿಸಿದರು. ಮೂರನೇ ಸಾಲಿಗೆ ಬಂದ ಕೂಡಲೇ ಕೈ ಹಳೆಯ ದಾರಿ ಹಿಡಿಯುತ್ತಿತ್ತು.

ಐದನೇ ದಿನ ಅಮ್ಮ ಸ್ನಾನಕ್ಕೆ ಹೋದಾಗ ಅಡುಗೆಮನೆಗೆ ಬಂದರು.

“ನೀನು ಡಾಕ್ಟರ ಹತ್ತಿರ ಮಾತಾಡು. ಅದೊಂದು ಹಾಡಿಗೆ ಮಾತ್ರ ಕೀಬೋರ್ಡ್ ಇಡೋಣ ಅಂತ.”

“ನೀವೇ ಕೇಳಿ ಅಪ್ಪಾ.”

“ನಂಗೆ ಬಾಯಿ ಬರಲ್ಲ ಕಣೇ. ಅವರು ಯಾಕೆ ಅಂತ ಕೇಳ್ತಾರೆ. ನಿಂಗಾದ್ರೆ ಸಲೀಸು.”

“ಆಯ್ತು” ಅಂದೆ.

ಕೇಳಲಿಲ್ಲ. ಮರೆತೆ ಅಂತ ಹೇಳಿಕೊಳ್ಳಬಹುದಿತ್ತು. ಮರೆತಿರಲಿಲ್ಲ. ಮರುದಿನವೇ ಡಾಕ್ಟರು ಕನ್ನಡಕದ ಕಡ್ಡಿ ಸಡಿಲವಾಗಿದೆ ಅಂತ ನಮ್ಮ ಅಂಗಡಿಗೆ ಬಂದಿದ್ದರು. ಸಣ್ಣ ತಿರುಪು ಬಿಗಿ ಮಾಡಿ, ಗಾಜು ಒರೆಸಿ ಕೊಟ್ಟೆ. ಐದು ನಿಮಿಷ ನನ್ನ ಎದುರಿಗೇ ಕೂತಿದ್ದರು. ಸಂಜೆ ಅಪ್ಪನಿಗೆ, “ಡಾಕ್ಟರು ಒಪ್ಪಲಿಲ್ಲ” ಅಂದೆ. ಅಪ್ಪ ತಲೆಯಾಡಿಸಿದರು. ಒಪ್ಪುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿದ್ದ ಹಾಗೆ.

ಶನಿವಾರ ಬೆಳಗ್ಗೆ ಸಭಾಂಗಣದಲ್ಲಿ ಕೊನೆಯ ತಾಲೀಮು. ಅಮ್ಮ ಕಾರ್ಯಕ್ರಮದ ದಿನ ಬೆಳಗ್ಗೆ ಯಾವತ್ತೂ ಹಾಡುವುದಿಲ್ಲ, ಗಂಟಲು ಸಂಜೆಗೆ ಉಳಿಯಬೇಕು ಅನ್ನುತ್ತಾಳೆ. ಆದ್ದರಿಂದ ಅವಳ ಹಾಡನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಡಿದೆವು. ಅಪ್ಪ ಅಮ್ಮನ ಹತ್ತಿರ ಎರಡು ಸಲ ಹೋದರು. ಒಂದು ಸಲ ನೀರು ಬೇಕಾ ಅಂತ ಕೇಳಿದರು. ಇನ್ನೊಂದು ಸಲ ಸುಮ್ಮನೆ ನಿಂತರು.

“ಏನ್ರೀ, ಮೊದಲ ಸಲ ವೇದಿಕೆ ಹತ್ತೋರ ಹಾಗೆ ಬೆವರ್ತಿದ್ದೀರಿ” ಅಂತ ಅಮ್ಮ ನಕ್ಕಳು.

ನಾಲ್ಕು ಗಂಟೆಗೆ ಸಭಾಂಗಣ ಮುಕ್ಕಾಲು ತುಂಬಿತ್ತು. ಅಮ್ಮ ನೀಲಿ ಬಟ್ಟೆಯಲ್ಲಿ ಬಂದು ನಿಂತಳು. ಪಿಯಾನೋದ ಮೊದಲ ನುಡಿ ಬಂದಾಗ ಅವಳ ಗಲ್ಲ ಒಂದಿಷ್ಟು ಮೇಲಕ್ಕೆ ಹೋಯಿತು. ಮೂರನೇ ಮಹಡಿಯವರೆಗೆ ಚೆನ್ನಾಗಿಯೇ ಹಾಡಿದಳು. ನಾಲ್ಕರಲ್ಲಿ ದನಿ ತೆಳುವಾಯಿತು. ಐದರಲ್ಲಿ ಒಡೆಯಿತು. ಅಪ್ಪನ ಕಡೆ ತಿರುಗಿ ನೋಡಿದಳು, ಅಪ್ಪ ತಲೆ ಎತ್ತಲಿಲ್ಲ. ಆರನೆಯದನ್ನು ಹಾಡಲಿಲ್ಲ, ಮಾತಿನ ಹಾಗೆ ಹೇಳಿದಳು. ಏಳರಲ್ಲಿ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಕೋರಸ್ಸಿನಲ್ಲಿದ್ದ ನಾವೆಲ್ಲ ಜೋರಾಗಿ ‘ಆ’ ಅಂದೆವು. ಜನ ಚಪ್ಪಾಳೆ ಹೊಡೆದರು, ಬಿದ್ದು ಎದ್ದ ಮಗುವಿಗೆ ಹೊಡೆಯುವ ಹಾಗೆ.

ಹಿಂದಿನ ಕೋಣೆಗೆ ಬಂದಾಗ ಅವಳು ಕೋಪದಲ್ಲಿ ಕೆಂಪಾಗಿದ್ದಳು. ಅವಮಾನ ಅವಳಿಗೆ ಇನ್ನೂ ತಲುಪಿರಲಿಲ್ಲ.

“ಯಾರ್ರೀ ಅದಕ್ಕೆ ಶ್ರುತಿ ಮಾಡಿದ್ದು? ಆಕಾಶಕ್ಕೆ ಏರಿಸಿಟ್ಟಿದ್ದಾರೆ!”

“ಪಿಯಾನೋ ಸರಿಯಾಗೇ ಇದೆ” ಅಂದರು ಡಾಕ್ಟರು. ಅವರಿಗೂ ಬೇಸರವಾಗಿತ್ತು. ಅಪ್ಪನ ಕಡೆ ತಿರುಗಿದರು. “ಅಲ್ಲ ಸ್ವಾಮಿ, ನೀವು ಕೈಯಲ್ಲೇ ಇಳಿಸಿ ನುಡಿಸ್ತೀರಿ ಅಂದ್ಕೊಂಡಿದ್ದೆ. ಬರಲ್ಲ ಅಂದ್ರೆ ಒಂದು ಮಾತು ಹೇಳಬಾರದಾ? ಕೀಬೋರ್ಡ್ ನನ್ನ ಕಾರಲ್ಲೇ ಇತ್ತು.”

ಅಪ್ಪ ನನ್ನನ್ನು ನೋಡಿದರು. ಒಂದು ಕ್ಷಣ, ಹೆಚ್ಚೇನಿಲ್ಲ. ಆಮೇಲೆ ನೆಲ ನೋಡಿ, “ಮರೆತೆ” ಅಂದರು.

“ಏನು ಇಳಿಸೋದು?” ಅಂದಳು ಅಮ್ಮ.

ಪ್ಲಂಬರು ತನ್ನ ಟೈ ಬಿಚ್ಚತೊಡಗಿದ.

“ಎಷ್ಟು ಇಳಿಸಿದ್ರಿ?”

“ನಾಲ್ಕು” ಅಂದರು ಅಪ್ಪ.

“ಯಾವಾಗಿಂದ?”

“ಹತ್ತು ವರ್ಷ ಆಯ್ತು.”

ಅಮ್ಮ ಒಬ್ಬೊಬ್ಬರ ಮುಖವನ್ನೂ ಸರದಿ ಪ್ರಕಾರ ನೋಡಿದಳು. ನನ್ನ ತನಕ ಬಂದು ನಿಂತಳು. ಅವಳಿಗೆ ಉತ್ತರ ಸಿಕ್ಕಿತ್ತು. ಕಿವಿಯ ಓಲೆ ಬಿಚ್ಚಿ ಮೇಜಿನ ಮೇಲಿಟ್ಟು, ನನಗೆ ಹೇಳಿದಳು:

“ನಾಳೆ ನೀನು ಹಾಡು.”

ಕರೆದು ಕೊಡುವುದು ಅಂದರೆ ಹೀಗೆ ಅಂತ ನಾನು ಅಂದುಕೊಂಡಿರಲಿಲ್ಲ. ಬೇಡ ಅನ್ನಲೂ ಇಲ್ಲ.

ಭಾನುವಾರ ಹಾಡಿದೆ. ಏಳೂ ಮಹಡಿ ಹತ್ತಿದೆ. ಕೊನೆಯ ಸ್ವರವನ್ನು ಎಲ್ಲಿ ಹಿಡಿಯಬೇಕೋ ಅಲ್ಲೇ ಹಿಡಿದೆ, ದನಿ ಅಲುಗಲಿಲ್ಲ. ಜನ ಚಪ್ಪಾಳೆ ಹೊಡೆದರು. ಎದ್ದು ಯಾರೂ ನಿಲ್ಲಲಿಲ್ಲ. ಅಪ್ಪ ಪುಟದ ಮೇಲಿಂದ ಕಣ್ಣೆತ್ತದೆ ನುಡಿಸಿದರು. ಅಮ್ಮ ಮೂರನೇ ಸಾಲಿನಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು.

ಹೊರಗೆ ಸಿಕ್ಕಾಗ, “ಐದನೇ ಮಹಡಿಯಲ್ಲಿ ಎರಡು ಸಲ ಉಸಿರು ತಗೊಂಡೆ. ಒಂದೇ ಸಲ ಸಾಕು” ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಅವತ್ತಿನಿಂದ ಅಮ್ಮ ತಾಲೀಮಿಗೆ ಬರುವುದಿಲ್ಲ. ಅಪ್ಪನ ಜೊತೆ ಮಾತಿಲ್ಲ, ಒಂದು ಪ್ರಶ್ನೆಯ ಹೊರತು. ಅದನ್ನು ಊಟಕ್ಕೆ ಕೂತಾಗ ಕೇಳುತ್ತಾಳೆ.

“ಹತ್ತು ವರ್ಷ ಮುಚ್ಚಿಟ್ರಲ್ಲ, ಅದು ಹೋಗಲಿ. ಆ ಒಂದು ದಿನ ಡಾಕ್ಟರ ಹತ್ರ ಕೀಬೋರ್ಡ್ ಕೇಳೋಕೆ ನಿಮ್ಮ ಬಾಯಿಗೇನಾಗಿತ್ತು?”

ಅಪ್ಪ ಉಣ್ಣುತ್ತಾರೆ. ನಾನು ಲೋಟಕ್ಕೆ ನೀರು ಹಾಕುತ್ತೇನೆ.

ಪಾತ್ರೆ ತೊಳೆಯುವಾಗ ಒಂದು ಸಲ ಅಪ್ಪನನ್ನು ಕೇಳಿದೆ, ಡಾಕ್ಟರ ಹತ್ತಿರ ಮಾತಾಡಲು ನನ್ನನ್ನು ಕಳಿಸಿದ್ದನ್ನು ಅವಳಿಗೆ ಯಾಕೆ ಹೇಳಲಿಲ್ಲ ಅಂತ. ಅವರು ಲೋಟ ಒರೆಸುತ್ತಲೇ ಇದ್ದರು.

“ಹೇಳಿದ್ರೆ ಅವಳಿಗೆ ಮಾತಾಡೋಕೆ ಮನೇಲಿ ಯಾರಿರ್ತಾರೆ?” ಅಂದರು.

ನಿನ್ನೆ ಅಮ್ಮ ಪ್ರಶ್ನೆಯನ್ನು ನನ್ನ ಕಡೆ ತಿರುಗಿಸಿದಳು.

“ಪಕ್ಕದಲ್ಲೇ ಇರ್ತಿದ್ದೆಯಲ್ಲ. ನೀನಾದ್ರೂ ನಿಮ್ಮಪ್ಪಂಗೆ ಹೇಳಬಾರದಿತ್ತಾ, ಹೋಗಿ ಕೇಳಿ ಅಂತ?”

“ಹೇಳಿದ್ದೆ ಅಮ್ಮಾ” ಅಂದೆ. “ಅವರು ಕೇಳಲಿಲ್ಲ.”

ಅಪ್ಪ ಅರ್ಧ ಊಟದಲ್ಲಿ ತಟ್ಟೆ ಎತ್ತಿಕೊಂಡು ಎದ್ದರು.