ಮೃದುವಾಗಿ ಒತ್ತಿ, ಮೃದುವಾಗಿ ಬಿಡಿ

“ಇದನ್ನ ಬರೆದೋನು ಜನ್ಮದಲ್ಲಿ ಒಂದು ಮಗೂನ ಎತ್ಕೊಂಡಿಲ್ಲ, ಬೇಕಾದ್ರೆ ಬರ್ಕೊಡ್ತೀನಿ,” ಎಂದಳು ಮೇಲಿನ ಮನೆಯ ನರ್ಸು. ಸತ್ತ ಜಿರಲೆಯನ್ನು ಮೀಸೆ ಹಿಡಿದು ಎತ್ತುವಂತೆ ಎರಡು ಬೆರಳಲ್ಲಿ ಆ ಚೀಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಎಲ್ಲರೂ ಎಂದರೆ ಅವನ ಅತ್ತೆ, ಕಿರುಚಾಟ ಕೇಳಿ ಓಡಿಬಂದು ಬಾಗಿಲಲ್ಲೇ ನಿಂತಿದ್ದ ಪಕ್ಕದ ಮನೆಯ ಗಂಡ ಹೆಂಡತಿ, ಮಗುವನ್ನು ಎದೆಗವಚಿಕೊಂಡಿದ್ದ ಅವನ ಹೆಂಡತಿ, ಮತ್ತು ಅವನು.

ಬರೆದವನು ಅವನೇ. ಹೆಂಡತಿಗೆ ಗೊತ್ತಿತ್ತು. ಅವಳು ಒಂದು ಸಲ ಅವನ ಮುಖ ನೋಡಿ, ನೋಡಬಾರದ್ದನ್ನು ನೋಡಿದವಳಂತೆ ಮಗುವಿನ ನೆತ್ತಿಯ ಕಡೆ ಕಣ್ಣು ಇಳಿಸಿದಳು.

“ಯಾವ ಮುಟ್ಠಾಳನೋ,” ಎಂದರು ಅತ್ತೆ. “ಸಿಕ್ಕಿದ್ರೆ ಅವನ ಮೂಗಿಗೇ ತುರುಕಿ ಒತ್ತಬೇಕಿತ್ತು. ಅಲ್ವೇ ಅಳಿಯಂದಿರೇ?”

ಅವನು ತಲೆಯಾಡಿಸಿದ. ಹೌದು ಎಂದೂ ಆಗಬಹುದು, ಅಲ್ಲ ಎಂದೂ ಆಗಬಹುದು. ಎರಡು ಡಿಗ್ರಿ ಮಾಡಿ ಅವನು ನೆಟ್ಟಗೆ ಕಲಿತಿದ್ದ ವಿದ್ಯೆ ಅದೊಂದೇ.

ನಡೆದದ್ದು ಇಷ್ಟು. ಎರಡು ತಿಂಗಳ ಮಗುವಿಗೆ ಮೂಗು ಕಟ್ಟಿತ್ತು. ಬೆಳಗಿನಿಂದ ಮೊಲೆಗೆ ಬಾಯಿ ಹಾಕುವುದು, ಎರಡು ಗುಟುಕು ಎಳೆಯುವುದು, ಉಸಿರು ಸಿಗದೆ ಬಿಟ್ಟು ಅರಚುವುದು. ಹಾಲು ಕುಡಿದರೆ ಉಸಿರಿಲ್ಲ, ಉಸಿರಾಡಿದರೆ ಹಾಲಿಲ್ಲ. ಅವನು ತನ್ನ ಕಂಪನಿಯದೇ ರಬ್ಬರ್ ಬಲ್ಬಿನ ಡಬ್ಬಿ ಬಿಚ್ಚಿದ. ಸಿಂಬಳ ಹೀರಿ ತೆಗೆಯಲು ಮಾಡಿದ, ನಿಂಬೆಹಣ್ಣಿನ ಗಾತ್ರದ ನೀಲಿ ಬಲ್ಬು. ಅದರ ಜೊತೆ, ಹೇಗೆ ಬಳಸಬೇಕೆಂದು ಅವನೇ ಬರೆದ ನಾಲ್ಕು ಮಡಿಕೆಯ ಚೀಟಿ. ಅವನು ಕಿಟಕಿಯ ಬಳಿ ನಿಂತು ಓದಿದ, ಅವಳು ಮಾಡಿದಳು. ಆ ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದದ್ದೇ ಹಾಗೆ.

ಎರಡೂ ಹೊಳ್ಳೆಗೆ ಉಪ್ಪುನೀರಿನ ಎರಡೆರಡು ಹನಿ. ಒಂದು ನಿಮಿಷ ಕಾಯುವುದು. ಆಮೇಲೆ, ‘ಮೃದುವಾಗಿ ಒಳಗಿಡಿ, ಮೃದುವಾಗಿ ಒತ್ತಿ, ಮೃದುವಾಗಿ ಬಿಡಿ.’

ಅವಳು ಒಳಗಿಟ್ಟಳು. ಒತ್ತಿದಳು. ಬಲ್ಬಿನೊಳಗಿದ್ದ ಗಾಳಿಯೆಲ್ಲ ಸಿಂಬಳವನ್ನು ಹಿಂದಕ್ಕೆ ದಬ್ಬಿಕೊಂಡು ಗಂಟಲಿಗೆ ನುಗ್ಗಿತು. ಮಗು ಕೆಂಪಾಯಿತು, ಆಮೇಲೆ ಕೆಂಪಲ್ಲದ ಇನ್ಯಾವುದೋ ಬಣ್ಣವಾಯಿತು, ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ ಅವನು ಏನು ಮಾಡಿದ? ಚೀಟಿಯನ್ನು ಇನ್ನೊಮ್ಮೆ ಓದಿದ.

ಹೆಂಡತಿಯ ಕೂಗಿಗೆ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ನರ್ಸು ಕೆದರಿದ ತಲೆಯಲ್ಲೇ ಇಳಿದುಬಂದಳು. ಮಗುವನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ತಟ್ಟಿ ಉಸಿರು ಬರಿಸಿದಳು. ಬಲ್ಬನ್ನು ಮೊದಲು ಹೊರಗೇ ಒತ್ತಿ, ಒತ್ತಿ ಹಿಡಿದುಕೊಂಡೇ ಹೊಳ್ಳೆಯ ಬಾಯಿಗೆ ಇಟ್ಟು, ಮೆಲ್ಲಗೆ ಬೆರಳು ಸಡಿಲಿಸಿದಳು. ಸೊರ್ರನೆ ಬಂತು. ಮಗು ಅತ್ತಿತು. ಅತ್ತು, ಮೊಲೆಗೆ ಬಾಯಿ ಹಾಕಿ, ಬಿಡದೆ ಕುಡಿಯಿತು. ಆಮೇಲೆಯೇ ನರ್ಸು ಚೀಟಿ ಓದಿದ್ದು.

ಎಲ್ಲರೂ ಹೋದ ಮೇಲೆ ಹೆಂಡತಿ ಕೇಳಿದಳು. “ಆಫೀಸಲ್ಲಿ ಹೇಳ್ತೀರಾ?”

“ನೋಡೋಣ.”

“ನೋಡೋದೇನ್ರೀ ಇದೆ? ಈ ಹೊತ್ತಲ್ಲಿ ಇನ್ಯಾರ ಮನೇಲಿ ಓದ್ತಾ ಇದಾರೋ.”

“ಹೇಳ್ತೀನಿ ಅಂದ್ನಲ್ಲ.”

ಅವನು ಅಂದಿರಲಿಲ್ಲ. ಅವಳಿಗೂ ಗೊತ್ತಿತ್ತು. ಹನಿಯ ಬಾಟಲಿ ಖಾಲಿಯಾಗಿದೆ, ಬರುವಾಗ ತನ್ನಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಬಸ್ಸಿನಲ್ಲಿ ನಿಂತಾಗ, ತಾನೇ ತೆಗೆದುಹಾಕಿದ್ದ ಸಾಲು ಅಕ್ಷರಕ್ಕೆ ಅಕ್ಷರ ನೆನಪಾಯಿತು. ‘ಒಳಗಿಡುವ ಮೊದಲೇ ಬಲ್ಬನ್ನು ಒತ್ತಿ ಅದರಲ್ಲಿರುವ ಗಾಳಿಯನ್ನು ಹೊರಹಾಕಿ.’ ಕಾಗದದಲ್ಲಿ ಎಂಟು ಸಾಲಿಗೆ ಮಾತ್ರ ಜಾಗವಿತ್ತು; ಇದು ಒಂಬತ್ತನೆಯದಾಗುತ್ತಿತ್ತು. ಅದನ್ನು ಹೊಡೆದು ಹಾಕಿದ ಮೇಲೆ ಉಳಿದ ಮೂರು ‘ಮೃದುವಾಗಿ’ಗಳು ಎಷ್ಟು ಚೆನ್ನಾಗಿ ಒಂದರ ಪಕ್ಕ ಒಂದು ಕೂತವೆಂದರೆ, ಅವನು ಅದನ್ನು ಮೂರು ಸಲ ಗಟ್ಟಿಯಾಗಿ ಓದಿಕೊಂಡಿದ್ದ. ಪದ್ಯ ಇದ್ದ ಹಾಗಿದೆಯಲ್ರೀ ಎಂದಿದ್ದರು ಮ್ಯಾನೇಜರ್. ಅವತ್ತು ಇಡೀ ದಿನ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತಿದ್ದಿದ. ‘ನಾನು ಒಂದು ಸಾಲು ತೆಗೆದೆ’ ಎಂಬುದು ‘ಒಂದು ಸಾಲು ಬಿಟ್ಟುಹೋಗಿದೆ’ ಆಯಿತು. ಅದು ‘ಚೀಟಿಯನ್ನು ಒಮ್ಮೆ ನೋಡಿದರೆ ಒಳ್ಳೆಯದಿತ್ತು’ ಆಯಿತು. ಆಫೀಸಿನ ಮೆಟ್ಟಿಲು ಹತ್ತುವಾಗ ಅದರಲ್ಲಿ ತಪ್ಪೂ ಇರಲಿಲ್ಲ, ಅವನೂ ಇರಲಿಲ್ಲ.

ಕೆಳಗೆ ಪ್ಯಾಕಿಂಗ್ ಕೋಣೆಯಲ್ಲಿ ಹೆಂಗಸರು ಬಲ್ಬು, ಚೀಟಿ, ಮುಚ್ಚಳ, ಬಲ್ಬು, ಚೀಟಿ, ಮುಚ್ಚಳ ಎಂದು ಕೈಯಾಡಿಸುತ್ತಿದ್ದರು. ನಾಲ್ಕಕ್ಕೆ ವ್ಯಾನು ಹೊರಡುತ್ತದೆ. ಒಂದು ಮಾತು ಸಾಕಿತ್ತು.

ಮ್ಯಾನೇಜರ್ ಕೋಣೆಯಲ್ಲಿ ಇನ್ನಿಬ್ಬರು ಇದ್ದರು. ಏನ್ರೀ ಎಂದರು. ಅವನು ಬಾಯಿ ತೆರೆದ.

“ಮಗೂಗೆ ಹುಷಾರಿಲ್ಲ ಸಾರ್. ಮೂಗು ಕಟ್ಟಿದೆ. ನಾಳೆ ಅರ್ಧ ದಿನ ರಜ ಬೇಕಿತ್ತು.”

“ಮೂಗಿಗೆ ರಜಾನಾ? ನಮ್ಮ ಬಲ್ಬೇ ಒಂದು ತಗೊಂಡ್ಹೋಗಿ. ಹೇಗೆ ಒತ್ತಬೇಕು ಅಂತ ಒಳಗೆ ಯಾರೋ ಮಹಾನುಭಾವರು ಬರ್ದಿದಾರೆ.”

ಇಬ್ಬರೂ ನಕ್ಕರು. ಅವನೂ ನಕ್ಕ, ಅವರಿಗಿಂತ ಒಂದು ಚೂರು ಹೆಚ್ಚೇ. ತನ್ನ ಮೇಜಿಗೆ ಬಂದು ಹಾಲಿನ ಬಾಟಲಿಯ ಚೀಟಿ ಬರೆಯಲು ಕೂತ. ನಾಲ್ಕು ಗಂಟೆಗೆ ವ್ಯಾನಿನ ಬಾಗಿಲು ದಡಾರನೆ ಮುಚ್ಚಿದ್ದು ಕೇಳಿಸಿತು. ಎಲ್ಲಕ್ಕಿಂತ ಮೊದಲು ಅವನಿಗೆ ಹಾಯೆನಿಸಿತು. ಇನ್ನು ಇವತ್ತು ಹೇಳಿ ಪ್ರಯೋಜನವಿಲ್ಲ. ನಾಚಿಕೆ ಆಮೇಲೆ ಬಂತು. ಬಂದದ್ದೂ ತೀರಾ ಸೌಜನ್ಯದಿಂದ, ಬಾಗಿಲು ತಟ್ಟಿ.

ಸಂಜೆ ಔಷಧಿ ಅಂಗಡಿಯ ಮುಂದೆ ಆಗಲೇ ಒಬ್ಬ ನಿಂತಿದ್ದ. ಗೋಡೆಗೆ ಬಣ್ಣ ಬಳಿಯುವವನು. ಉಗುರುಸಂದಿನಲ್ಲಿ, ಹುಬ್ಬಿನಲ್ಲಿ ಬಿಳಿ ಬಣ್ಣ. ಹೆಗಲ ಮೇಲೆ ಎಳೆಮಗು. ಗೊರಗೊರ ಉಸಿರು ರಸ್ತೆಯವರೆಗೂ ಕೇಳುತ್ತಿತ್ತು. ಒಂದು ಕೈಯಲ್ಲಿ ನೀಲಿ ಬಲ್ಬು, ಇನ್ನೊಂದರಲ್ಲಿ ಚೀಟಿ. ಅಂಗಡಿಯವನು ಫೋನಿನಲ್ಲಿದ್ದ.

“ಸಾರ್, ಓದಿದೋರ ಹಾಗಿದೀರಿ. ಒಂಚೂರು ಇದನ್ನ ನೋಡಿ. ಒಳಗಿಟ್ಟು ಒತ್ತಿ ಅಂತ ಇದೆ. ಹಾಗೆ ಮಾಡಿದ್ರೆ ಗಾಳಿ ಒಳಗೇ ಹೋಗಲ್ವಾ?”

ಅವನು ಚೀಟಿಯನ್ನು ತೆಗೆದುಕೊಂಡ. ಎಂಟು ಸಾಲು. ಒಂದೂ ಅಕ್ಷರದ ತಪ್ಪಿಲ್ಲ.

“ಏನು ಮಾಡೋದು, ನಾನು ಏಳನೇ ಕ್ಲಾಸಿಗೇ ಬಿಟ್ಟೋನು,” ಎಂದ ಬಣ್ಣದವನು. “ನನಗೇನೋ ಮೊದಲೇ ಒತ್ಕೋಬೇಕು ಅನ್ಸುತ್ತೆ. ಆದ್ರೆ ಅಚ್ಚಾಗಿದೆಯಲ್ಲ ಸಾರ್. ಅಚ್ಚು ಹಾಕೋರಿಗೆ ಗೊತ್ತಿರಲ್ವಾ?”

ಹೌದಪ್ಪ, ನೀನು ಹೇಳಿದ್ದೇ ಸರಿ. ಇಷ್ಟೇ ಸಾಕಿತ್ತು. ಆದರೆ ನಿಮಗೆ ಹೇಗೆ ಗೊತ್ತು ಸಾರ್ ಎಂದು ಅವನು ಕೇಳಿದರೆ? ನಾಲಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತು ಯಾವಾಗಿನಂತೆ ತನ್ನನ್ನು ತಾನು ತಿದ್ದಿಕೊಳ್ಳತೊಡಗಿತು. ಇಷ್ಟು ಮೃದುವಾಗಿ, ಅಷ್ಟು ಮೃದುವಾಗಿ, ಕಡೆಗೆ ಇಲ್ಲವೇ ಇಲ್ಲದಷ್ಟು ಮೃದುವಾಗಿ.

“ಸಾರ್?”

ಅವನು ಚೀಟಿಯನ್ನು ಗಲ್ಲಾದ ಗಾಜಿನ ಮೇಲೆ ಇಟ್ಟ. ಮಡಿಕೆ ಸರಿಮಾಡಿ, ಅಂಚಿಗೆ ನೇರವಾಗಿ ಇಟ್ಟ. ತಿರುಗಿ ನಡೆದ. ಹನಿ ಬೇಕಿತ್ತು ಎಂಬುದು ರಸ್ತೆ ದಾಟುವಾಗ ನೆನಪಾಯಿತು, ನಿಲ್ಲಲಿಲ್ಲ.

ಎದುರಿನ ಕನ್ನಡಕದ ಅಂಗಡಿಯ ದೊಡ್ಡ ಗಾಜಿನಲ್ಲಿ ಹಿಂದಿನದೆಲ್ಲ ಕಾಣುತ್ತಿತ್ತು. ಬಣ್ಣದವನು ಬಲ್ಬಿನ ತುದಿಯನ್ನು ತನ್ನ ಮೂಗಿಗೇ ಇಟ್ಟುಕೊಂಡಿದ್ದ. ಕಣ್ಣು ಬಿಗಿಯಾಗಿ ಮುಚ್ಚಿದ್ದ. ಅವನ ಹೆಗಲ ಮೇಲಿನಿಂದ ಮಗು, ಉಸಿರಿಗಾಗಿ ಬಾಯಿ ಅಗಲಿಸಿಕೊಂಡು, ಇವನು ಹೋಗುವುದನ್ನೇ ನೋಡುತ್ತಿತ್ತು.